ಕುರ್ತುಬಾದಲ್ಲಿ ಎರಡು ದಿನ: ಪ್ರವಾಸವೋ, ಪಾಠವೋ?

ಭೂಮಿಯಲ್ಲಿ ಸಂಚರಿಸಿ, ಹಿಂದೆ ಬಾಳಿ ಹೋದವರ ಅಂತ್ಯವನ್ನು ಕಂಡು ಪಾಠ ಕಲಿಯಬೇಕೆಂದು ಪವಿತ್ರ ಕುರ್‌ಆನ್ ಹಲವೆಡೆ ಕರೆ ನೀಡುತ್ತದೆ. ಈ ಕರೆಯಲ್ಲಿ ಎರಡು ಭಾಗಗಳಿವೆ. ಮೊದಲನೆಯದು ಸಂಚಾರ, ಎರಡನೆಯದು ಚಿಂತನೆ. ನಮ್ಮ ಕಾಲದಲ್ಲಿ ಮೊದಲನೆಯದು ಬಹಳ ಸುಲಭವಾಗಿದೆ, ಎರಡನೆಯದು ಬಹಳ ಅಪರೂಪವಾಗಿದೆ. ಶುಕ್ರವಾರ ವಿಮಾನವೇರಿ ಭಾನುವಾರ ರಾತ್ರಿ ಮನೆ ಸೇರುವ ಕಿರು ಪ್ರವಾಸಗಳು ಯುರೋಪಿನಲ್ಲಿ ದುಡಿಯುತ್ತಿರುವ ನಮ್ಮ ಕನ್ನಡಿಗ ಮುಸ್ಲಿಮ್ ಕುಟುಂಬಗಳಿಗೂ ರೂಢಿಯಾಗುತ್ತಿವೆ. ನಮ್ಮಲ್ಲಿ ಅಕ್ಷರ ಕಲಿತು ಈಗ ಹೊರದೇಶಗಳಲ್ಲಿ ನೆಲೆಸಿರುವ ಶಿಷ್ಯರು ಆಗಾಗ ಒಂದು ಪ್ರಶ್ನೆ ಕೇಳುತ್ತಾರೆ: "ಉಸ್ತಾದ್, ಸ್ಪೇನಿಗೆ ಎರಡು ದಿನದ ಮಟ್ಟಿಗೆ ಹೋಗಿಬರೋಣವೆಂದಿದ್ದೇವೆ. ಮಕ್ಕಳಿಗೆ ಏನು ತೋರಿಸಬೇಕು?"

ಈ ಲೇಖನವು ಆ ಪ್ರಶ್ನೆಗೆ ನಮ್ಮ ಉತ್ತರ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಹೋಗುವುದಾದರೆ ಒಂದೇ ನಗರಕ್ಕೆ ಹೋಗಿರಿ. ಆ ನಗರ ಕುರ್ತುಬಾ, ಅಂದರೆ ಇಂದಿನ ಕೊರ್ಡೋಬಾ ಆಗಿರಲಿ. ಆದರೆ ಕಳೆದುಹೋದ ಸಿಂಹಾಸನಕ್ಕಾಗಿ ಅಳಲು ಹೋಗಬೇಡಿರಿ, ಕಂಬಗಳ ನಡುವೆ ನಿಂತು ಫೋಟೋ ತೆಗೆಸಿಕೊಳ್ಳಲಿಕ್ಕಷ್ಟೇ ಹೋಗಬೇಡಿರಿ. ವಿದ್ಯಾರ್ಥಿಗಳಾಗಿ ಹೋಗಿರಿ.

ಯಾತ್ರೆಯಲ್ಲ, ವ್ಯಾಸಂಗ

ಮೊದಲು ಒಂದು ವಿಷಯವನ್ನು ಸ್ಪಷ್ಟಪಡಿಸುವುದು ಅಗತ್ಯ. ಪುಣ್ಯವನ್ನು ಬಯಸಿ ವಿಶೇಷವಾಗಿ ಪ್ರಯಾಣ ಕೈಗೊಳ್ಳಬೇಕಾದ ಮಸೀದಿಗಳು ಮೂರೇ ಎಂಬುದು ಪ್ರವಾದಿ(ಸ)ರವರ ಬೋಧನೆ: ಮಕ್ಕಾದ ಮಸ್ಜಿದುಲ್ ಹರಾಮ್, ಮದೀನಾದ ಮಸ್ಜಿದುನ್ನಬವಿ ಮತ್ತು ಮಸ್ಜಿದುಲ್ ಅಕ್ಸಾ. ಕುರ್ತುಬಾದ ಕಟ್ಟಡವು ಎಷ್ಟೇ ಭವ್ಯವಾಗಿದ್ದರೂ ಆ ಪಟ್ಟಿಗೆ ಸೇರುವುದಿಲ್ಲ. ಅಲ್ಲದೆ ಇಂದು ಅದು ಮಸೀದಿಯೂ ಅಲ್ಲ. 1236ರಿಂದ ಕ್ಯಾಥೊಲಿಕ್ ಕ್ರೈಸ್ತರ ಆರಾಧನಾಲಯ. ಆದ್ದರಿಂದ ಅಲ್ಲಿಗೆ ಹೋಗುವುದು ಝಿಯಾರತ್ ಅಲ್ಲ, ಇತಿಹಾಸದ ವ್ಯಾಸಂಗ. ಸಾಲ ಮಾಡಿ ಹೋಗಬೇಕಾದ ಸ್ಥಳವಂತೂ ಖಂಡಿತ ಅಲ್ಲ. ಮನೆಯ ಹಕ್ಕುಬಾಧ್ಯತೆಗಳನ್ನು ತೀರಿಸಿ, ಉಳಿದುದರಲ್ಲಿ ಮಿತವ್ಯಯದಿಂದ ಹೋಗಿಬರುವವರಿಗೆ ಮಾತ್ರ ನಮ್ಮ ಈ ಮಾತು.

ಎರಡನೆಯದಾಗಿ, ಎರಡು ದಿನಗಳಲ್ಲಿ ಕುರ್ತುಬಾ, ಗರ್ನಾತಾ, ಇಶ್ಬೀಲಿಯಾ ಮೂರನ್ನೂ ಮುಗಿಸುವ ಹಂಬಲವನ್ನು ಬಿಡಬೇಕು. ಗ್ರಾನಡಾದ ಅಲ್‌ಹಂಬ್ರಾ ಅರಮನೆಗಳು ಕಣ್ಣಿಗೆ ಹಬ್ಬವೆಂಬುದು ನಿಜ. ಆದರೆ ಅದು ಅಂದಲುಸ್‌ನ ಸಂಜೆಗಾಲ. 1492ರಲ್ಲಿ ಮುಗಿದುಹೋದ ಕೊನೆಯ ರಾಜ್ಯದ ನೆನಪು. ಕುರ್ತುಬಾ ಅದರ ನಡುಹಗಲು. ಮದ್ರಸಗಳಲ್ಲಿ ಇಂದಿಗೂ ನಾವು ಕಲಿಯುವ, ಕಲಿಸುವ ಅನೇಕ ಗ್ರಂಥಗಳ ಮೂಲ ಈ ನಗರದಲ್ಲಿದೆ. ಅರಮನೆಗಿಂತ ಗ್ರಂಥಾಲಯ ದೊಡ್ಡದೆಂದು ನಂಬುವವರು ಕುರ್ತುಬಾವನ್ನೇ ಆರಿಸಬೇಕು.

ಹೊರಡುವ ಮುನ್ನ ನಾಲ್ಕು ವಾರ

ಪ್ರವಾಸದ ಸಿದ್ಧತೆಯೆಂದರೆ ನಮ್ಮಲ್ಲಿ ಸಾಮಾನ್ಯವಾಗಿ ವೀಸಾ, ಟಿಕೆಟ್ ಮತ್ತು ಹೋಟೆಲ್. ಇವು ಬೇಕು. ಭಾರತೀಯ ಪಾಸ್‌ಪೋರ್ಟ್ ಹೊಂದಿ ಕೊಲ್ಲಿಯಲ್ಲಿಯೋ ಬ್ರಿಟನ್ನಿನಲ್ಲಿಯೋ ಇರುವವರಿಗೆ ಶೆಂಗೆನ್ ವೀಸಾ ಅಗತ್ಯ. ಕೊರ್ಡೋಬಾಕ್ಕೆ ವಿದೇಶಗಳಿಂದ ನೇರ ವಿಮಾನವನ್ನು ನಿರೀಕ್ಷಿಸುವಂತಿಲ್ಲ. ಮ್ಯಾಡ್ರಿಡ್, ಸೆವಿಲ್ ಅಥವಾ ಮಾಲಗಾದಲ್ಲಿ ಇಳಿದು ರೈಲು ಹಿಡಿಯಬೇಕು. ವೇಗದ ರೈಲಿನಲ್ಲಿ ಮ್ಯಾಡ್ರಿಡ್‌ನಿಂದ ಸುಮಾರು ಒಂದೂಮುಕ್ಕಾಲು ಗಂಟೆ, ಸೆವಿಲ್‌ನಿಂದ ಮುಕ್ಕಾಲು ಗಂಟೆ, ಮಾಲಗಾದಿಂದ ಒಂದು ಗಂಟೆಯ ದಾರಿ. ಬೇಸಿಗೆಯಲ್ಲಿ ಅಲ್ಲಿನ ಬಿಸಿಲು 40 ಡಿಗ್ರಿಯನ್ನು ದಾಟುತ್ತದೆ. ಮಕ್ಕಳೂ ವೃದ್ಧರೂ ಜೊತೆಗಿದ್ದರೆ ಮಾರ್ಚ್, ಏಪ್ರಿಲ್ ಅಥವಾ ಅಕ್ಟೋಬರ್, ನವೆಂಬರ್ ತಿಂಗಳುಗಳೇ ಲೇಸು.

ಇಷ್ಟು ಸಿದ್ಧತೆಯನ್ನು ಯಾವ ಪ್ರವಾಸಿಯೂ ಮಾಡುತ್ತಾನೆ. ನಾವು ಸೂಚಿಸುವುದು ಇನ್ನೊಂದು ಬಗೆಯ ಸಿದ್ಧತೆ. ಹೊರಡುವ ಮೊದಲಿನ ನಾಲ್ಕು ವಾರಗಳಲ್ಲಿ ವಾರಕ್ಕೊಬ್ಬರಂತೆ ನಾಲ್ವರು ಕುರ್ತುಬೀಗಳ ಪರಿಚಯವನ್ನು ಮನೆಯಲ್ಲಿ ಮಾಡಿಕೊಳ್ಳಿರಿ.

ಮೊದಲ ವಾರ ಯಹ್ಯಾ ಬಿನ್ ಯಹ್ಯಾ ಅಲ್ಲೈಸೀ. ಇಮಾಮ್ ಮಾಲಿಕ್‌ರ 'ಮುವತ್ತಾ' ಇಂದು ಜಗತ್ತಿನಲ್ಲಿ ಅತಿ ಹೆಚ್ಚು ಪ್ರಚಲಿತವಾಗಿರುವುದು ಇವರ ವರದಿಯ ಮೂಲಕ. ಬರ್ಬರ್ ವಂಶದ ಈ ಕುರ್ತುಬಾದ ವಿದ್ವಾಂಸರು ಮದೀನಾಕ್ಕೆ ಪಯಣಿಸಿ ಇಮಾಮರಿಂದಲೇ ಕಲಿತು ಹಿಂದಿರುಗಿದರು. ಅಂದಿನ ಆ ಪಯಣ ತಿಂಗಳುಗಟ್ಟಲೆಯದು ಎಂಬುದನ್ನು ಎರಡು ಗಂಟೆಯ ವಿಮಾನದಲ್ಲಿ ಬೇಸರಪಡುವ ಮಕ್ಕಳಿಗೆ ಹೇಳಬೇಕು.

ಎರಡನೆಯ ವಾರ ಅಬುಲ್ ಕಾಸಿಮ್ ಅಝ್ಝಹ್ರಾವಿ. ಹತ್ತನೆಯ ಶತಮಾನದ ಈ ವೈದ್ಯರು ಮೂವತ್ತು ಭಾಗಗಳ 'ಅತ್ತಸ್ರೀಫ್' ಗ್ರಂಥವನ್ನು ರಚಿಸಿದರು. ಅದರ ಶಸ್ತ್ರಚಿಕಿತ್ಸೆಯ ಭಾಗದಲ್ಲಿ ಉಪಕರಣಗಳ ಚಿತ್ರಗಳನ್ನೂ ಬಿಡಿಸಿದ್ದರು. ಲ್ಯಾಟಿನ್ ಭಾಷೆಗೆ ಅನುವಾದಗೊಂಡ ಆ ಭಾಗವನ್ನು ಯುರೋಪಿನ ವೈದ್ಯರು ಶತಮಾನಗಳ ಕಾಲ ಓದಿದರು.

ಮೂರನೆಯ ವಾರ ಇಬ್ನ್ ರುಶ್ದ್ (1126–1198). ಕುರ್ತುಬಾದ ನ್ಯಾಯಾಧೀಶರು, ವೈದ್ಯರು, ತತ್ವಜ್ಞಾನಿ. ಮಝ್‌ಹಬ್‌ಗಳ ಭಿನ್ನಾಭಿಪ್ರಾಯಗಳ ಕಾರಣಗಳನ್ನು ಹಗೆಯಿಲ್ಲದೆ, ಆಧಾರಸಹಿತವಾಗಿ ವಿವರಿಸುವ ಅವರ 'ಬಿದಾಯತುಲ್ ಮುಜ್ತಹಿದ್' ಇಂದಿಗೂ ಉನ್ನತ ವ್ಯಾಸಂಗದ ಗ್ರಂಥ. ಸಣ್ಣ ವಿಷಯಗಳಿಗೂ ಮಸೀದಿಯ ಅಂಗಳದಲ್ಲಿ ವಾಗ್ವಾದಕ್ಕೆ ಇಳಿಯುವ ನಮ್ಮ ಸಮುದಾಯಕ್ಕೆ ಈ ಒಂದು ಗ್ರಂಥದ ಶೈಲಿಯೇ ದೊಡ್ಡ ಪಾಠ.

ನಾಲ್ಕನೆಯ ವಾರ ಇಮಾಮ್ ಕುರ್ತುಬೀ. ಅವರ ತಫ್ಸೀರನ್ನು ಉಲ್ಲೇಖಿಸದ ವಿದ್ವಾಂಸರಿಲ್ಲ. ಆದರೆ ಅವರ ಹೆಸರಿನಲ್ಲಿರುವ ನಗರ ಅವರ ಪಾಲಿಗೆ ಏನಾಗಿತ್ತೆಂಬುದು ಹೆಚ್ಚಿನವರಿಗೆ ತಿಳಿಯದು. ಹಿಜರಿ 627ರ ರಮಝಾನಿನಲ್ಲಿ, ಅಂದರೆ 1230ರಲ್ಲಿ, ಶತ್ರುಗಳು ನಡೆಸಿದ ದಾಳಿಯೊಂದರಲ್ಲಿ ಅವರ ತಂದೆ ಕೊಲ್ಲಲ್ಪಟ್ಟರು. ತಂದೆಯ ಮೃತದೇಹಕ್ಕೆ ಸ್ನಾನ ಮಾಡಿಸಬೇಕೇ, ಜನಾಝಾ ನಮಾಝ್ ನಿರ್ವಹಿಸಬೇಕೇ ಎಂದು ತಮ್ಮ ಗುರುಗಳಲ್ಲಿ ವಿಚಾರಿಸಿದ ಸಂಗತಿಯನ್ನು ಅವರು ತಫ್ಸೀರಿನಲ್ಲಿಯೇ ದಾಖಲಿಸಿದ್ದಾರೆ. ಕುರ್ತುಬಾ ಪತನವಾದ ಮೇಲೆ ಈಜಿಪ್ಟಿನಲ್ಲಿ ನೆಲೆಸಿ 1273ರಲ್ಲಿ ಅಲ್ಲಿಯೇ ನಿಧನರಾದರು. ಮನೆಯನ್ನೂ ಊರನ್ನೂ ಕಳೆದುಕೊಂಡ ಮನುಷ್ಯ ತನ್ನ ದುಃಖವನ್ನು ಸಾವಿರಾರು ಪುಟಗಳ ಜ್ಞಾನವಾಗಿ ಮಾರ್ಪಡಿಸಿದರು. ನಿರಾಶರಾಗಿರುವ ನಮ್ಮ ಯುವಕರಿಗೆ ಇದಕ್ಕಿಂತ ದೊಡ್ಡ ಮಾದರಿ ಯಾವುದಿದೆ?

ನಾಲ್ಕು ಹೆಸರುಗಳನ್ನು ಬಲ್ಲ ಮಗುವಿಗೆ ಆ ನಗರದ ಕಲ್ಲುಗಳು ಮಾತನಾಡುತ್ತವೆ. ಏನೂ ತಿಳಿಯದೆ ಹೋದ ಮಗು ಐಸ್‌ಕ್ರೀಮ್ ಅಂಗಡಿಯನ್ನಷ್ಟೇ ನೆನಪಿಟ್ಟುಕೊಂಡು ಹಿಂದಿರುಗಿದರೆ ತಪ್ಪು ಮಗುವಿನದಲ್ಲ.

ಶನಿವಾರ: ಕಂಬಗಳ ನಡುವೆ

ಶನಿವಾರದ ಮುಂಜಾನೆಯನ್ನು ಮಹಾ ಮಸೀದಿಯಾಗಿದ್ದ ಆ ಕಟ್ಟಡಕ್ಕೇ ಮೀಸಲಿಡಬೇಕು. ಭಾನುವಾರ ಬೆಳಿಗ್ಗೆ ಅಲ್ಲಿ ಕ್ರೈಸ್ತರ ಪ್ರಾರ್ಥನೆಯಿರುವುದರಿಂದ ಪ್ರವಾಸಿಗರಿಗೆ ಸಮಯ ಸೀಮಿತ. ಸೋಮವಾರದಿಂದ ಶನಿವಾರದವರೆಗೆ ಬೆಳಿಗ್ಗೆ 8.30ರಿಂದ 9.30ರವರೆಗೆ, ಗುಂಪಾಗಿ ಬರದ ಸಂದರ್ಶಕರಿಗೆ ಉಚಿತ ಪ್ರವೇಶ ನೀಡುವ ಪದ್ಧತಿ ಅನೇಕ ವರ್ಷಗಳಿಂದ ಇದೆ. ಹೊರಡುವ ಮುನ್ನ ಖಚಿತಪಡಿಸಿಕೊಳ್ಳುವುದು ಒಳಿತು. ಆ ಹೊತ್ತಿನಲ್ಲಿ ಜನಸಂದಣಿ ಕಡಿಮೆ, ಮೌನ ಹೆಚ್ಚು.

ಅಬ್ಬಾಸಿಗಳ ಕತ್ತಿಯಿಂದ ಪಾರಾಗಿ ಬಂದ ಉಮವೀ ರಾಜಕುಮಾರ ಒಂದನೆಯ ಅಬ್ದುರ್ರಹ್ಮಾನ್ ಈ ಮಸೀದಿಯ ನಿರ್ಮಾಣವನ್ನು 785ರ ಸುಮಾರಿಗೆ ಆರಂಭಿಸಿದನು. ಎರಡು ಶತಮಾನಗಳ ಅವಧಿಯಲ್ಲಿ ಎರಡನೆಯ ಅಬ್ದುರ್ರಹ್ಮಾನ್, ಎರಡನೆಯ ಅಲ್ ಹಕಮ್ ಮತ್ತು ಅಲ್ ಮನ್ಸೂರ್ ಅದನ್ನು ವಿಸ್ತರಿಸಿದರು. ಇಂದು ಉಳಿದಿರುವ ಕಂಬಗಳು 856. ಮೊದಲ ಭಾಗದ ಕಂಬಗಳನ್ನು ರೋಮನ್ ಮತ್ತು ವಿಸಿಗಾತ್ ಕಟ್ಟಡಗಳ ಅವಶೇಷಗಳಿಂದ ತಂದು ನಿಲ್ಲಿಸಿದ್ದರು. ಅವು ಗಿಡ್ಡವಾಗಿದ್ದುದರಿಂದ ಛಾವಣಿಯನ್ನು ಎತ್ತರಿಸಲು ಒಂದರ ಮೇಲೊಂದು ಎರಡು ಕಮಾನುಗಳನ್ನು ಕಟ್ಟಿದರು. ಕೆಂಪು ಇಟ್ಟಿಗೆ, ಬಿಳಿ ಕಲ್ಲುಗಳ ಆ ಜೋಡಿ ಕಮಾನೇ ಇಂದು ಜಗತ್ಪ್ರಸಿದ್ಧ. ಕೊರತೆಯೇ ಚೆಲುವಿಗೆ ಕಾರಣವಾಯಿತೆಂಬುದನ್ನು ಮಕ್ಕಳಿಗೆ ತೋರಿಸಬೇಕು.

ಅಲ್ ಹಕಮ್‌ನ ಕಾಲದ ಮಿಹ್ರಾಬಿನ ಮುಂದೆ ನಿಂತಾಗ ಇನ್ನೊಂದನ್ನು ಗಮನಿಸಬೇಕು. ಅದರ ಹೊಂಬಣ್ಣದ ಮೊಸಾಯಿಕ್ ಕೆಲಸಕ್ಕೆ ಬೈಝಾಂಟಿಯಮ್‌ನ ಕ್ರೈಸ್ತ ಚಕ್ರವರ್ತಿ ಕುಶಲಕರ್ಮಿಯನ್ನೂ ಗಾಜಿನ ತುಣುಕುಗಳನ್ನೂ ಕಳುಹಿಸಿದನೆಂದು ಅರಬ್ ಇತಿಹಾಸಕಾರರು ಬರೆದಿದ್ದಾರೆ. ಆ ಮಿಹ್ರಾಬ್ ಮಕ್ಕಾದ ನಿಜವಾದ ದಿಕ್ಕಿಗಿಂತ ದಕ್ಷಿಣಕ್ಕೆ ಹೆಚ್ಚು ವಾಲಿದೆ. ಕಾರಣಗಳ ಕುರಿತು ವಿದ್ವಾಂಸರಲ್ಲಿ ಚರ್ಚೆಯಿದೆ. ಹೋಟೆಲಿನಲ್ಲಿ ನಮಾಝ್‌ಗೆ ದಿಕ್ಕು ನೋಡುವಾಗ ದಿಕ್ಸೂಚಿಯನ್ನು ನಂಬಿರಿ, ಆ ಕಟ್ಟಡವನ್ನಲ್ಲ.

ಕಟ್ಟಡದ ನಡುವೆ 1523ರಿಂದ ಕಟ್ಟಲಾದ ಎತ್ತರದ ಕ್ಯಾಥೆಡ್ರಲ್ ಇದೆ. ಅದನ್ನು ಕಂಡಾಗ ಮನಸ್ಸು ಕಲಕುವುದು ಸಹಜ. ಆದರೆ ಒಂದು ಸತ್ಯವನ್ನು ಮರೆಯಬಾರದು. ಕಂಬಗಳನ್ನು ಕೆಡವುವುದಕ್ಕೆ ಅಂದು ತೀವ್ರವಾಗಿ ಪ್ರತಿಭಟಿಸಿದ್ದು ಅದೇ ಊರಿನ ಕ್ರೈಸ್ತ ನಗರಸಭೆ. ಕೆಲಸಕ್ಕೆ ಕೈಹಚ್ಚಿದವರಿಗೆ ಮರಣದಂಡನೆ ವಿಧಿಸುವುದಾಗಿ ಅದು ಡಂಗುರ ಸಾರಿತ್ತು. ಚಕ್ರವರ್ತಿ ಐದನೆಯ ಚಾರ್ಲ್ಸ್ ಚರ್ಚಿನ ಪರ ನಿಂತದ್ದರಿಂದ ಕಟ್ಟಡ ಎದ್ದಿತು. ಮುಂದೆ ಅದನ್ನು ಕಂಡು ಅವನೇ ವಿಷಾದಿಸಿದನೆಂಬ ಮಾತು ಪ್ರಚಲಿತವಾಗಿದೆ. ಹೀಗೆ ನ್ಯಾಯಪ್ರಜ್ಞೆಯು ಯಾವುದೇ ಒಂದು ಸಮುದಾಯದ ಸ್ವತ್ತಲ್ಲ.

ಅಲ್ಲಿ ನಮಾಝ್ ನಿರ್ವಹಿಸಬಹುದೇ? ಈ ಪ್ರಶ್ನೆ ಎಲ್ಲರಿಂದಲೂ ಬರುತ್ತದೆ. ಮುಸ್ಲಿಮರ ನಮಾಝ್‌ಗೆ ಅಲ್ಲಿ ಅನುಮತಿಯಿಲ್ಲ. ಕವಿ ಇಕ್ಬಾಲ್ 1933ರಲ್ಲಿ ಅಲ್ಲಿಗೆ ಭೇಟಿ ನೀಡಿ ನಮಾಝ್ ನಿರ್ವಹಿಸಿದರೆಂಬುದು ಪ್ರಸಿದ್ಧ. ಆ ಭೇಟಿಯೇ 'ಮಸ್ಜಿದೆ ಕುರ್ತುಬಾ' ಎಂಬ ಮಹಾಕವನಕ್ಕೆ ಪ್ರೇರಣೆಯಾಯಿತು. ಆದರೆ 2010ರಲ್ಲಿ ಆಸ್ಟ್ರಿಯಾದಿಂದ ಬಂದಿದ್ದ ಮುಸ್ಲಿಮ್ ಪ್ರವಾಸಿಗರು ಅನುಮತಿಯಿಲ್ಲದೆ ನಮಾಝ್‌ಗೆ ತೊಡಗಿದಾಗ ಕಾವಲುಗಾರರೊಂದಿಗೆ ಘರ್ಷಣೆಯಾಗಿ ಬಂಧನದವರೆಗೂ ಹೋಯಿತು. ನಮ್ಮ ಅಭಿಪ್ರಾಯ ಖಚಿತವಾಗಿದೆ: ಇನ್ನೊಬ್ಬರ ಸುಪರ್ದಿನಲ್ಲಿರುವ ಆರಾಧನಾಲಯದಲ್ಲಿ ಅವರ ನಿಯಮವನ್ನು ಮುರಿದು ಮಾಡುವ ಸುಜೂದ್‌ನಲ್ಲಿ ಭಕ್ತಿಗಿಂತ ಪ್ರದರ್ಶನ ಹೆಚ್ಚು. ನಮ್ಮ ದೇಶದಲ್ಲಿ ನಮ್ಮ ಮಸೀದಿಗಳ ಪಾವಿತ್ರ್ಯವನ್ನು ಇತರರು ಗೌರವಿಸಬೇಕೆಂದು ಬಯಸುವ ನಾವು, ಬೇರೆ ದೇಶದಲ್ಲಿ ಇತರರ ಆರಾಧನಾಲಯಕ್ಕೆ ಅದೇ ಗೌರವವನ್ನು ಸಲ್ಲಿಸಲೇಬೇಕು. ನಮಾಝ್‌ಗೆ ಪ್ಲಾಸಾ ದೆ ಕೊಲೋನ್ ಉದ್ಯಾನದಲ್ಲಿ ಅಲ್ ಮೊರಾಬಿತೋ ಎಂಬ ಪುಟ್ಟ ಮಸೀದಿಯಿದೆ. ಭವ್ಯತೆಯಿಲ್ಲ, 856 ಕಂಬಗಳಿಲ್ಲ; ಆದರೆ ಅಲ್ಲಿ ಸಫ್ ಇದೆ. ಮಕ್ಕಳಿಗೆ ಎರಡನ್ನೂ ಒಂದೇ ದಿನ ತೋರಿಸಿರಿ. ನಮಾಝ್ ನಡೆಯದ ಭವ್ಯ ಕಟ್ಟಡಕ್ಕಿಂತ ನಮಾಝ್ ನಡೆಯುವ ಸಣ್ಣ ಕೋಣೆ ದೊಡ್ಡದೆಂಬುದು ತಾನಾಗಿ ಮನವರಿಕೆಯಾಗುತ್ತದೆ.

ಪ್ರಯಾಣಿಕರ ನಮಾಝ್ ಕುರಿತು ಒಂದು ಮಾತು. ಎರಡು ದಿನಗಳ ವಾಸ್ತವ್ಯದಲ್ಲಿ ಶಾಫಿಈಗಳಿಗೂ ಹನಫಿಗಳಿಗೂ ಕಸ್ರ್ ಇದೆ. ಶಾಫಿಈ ಮಝ್‌ಹಬಿನ ನಮ್ಮ ಕರಾವಳಿಯ ಕುಟುಂಬಗಳು ಝುಹರ್-ಅಸರ್, ಮಗ್ರಿಬ್-ಇಶಾಗಳನ್ನು ಜಮ್‌ಅ ಮಾಡಬಹುದು. ಹನಫಿಗಳು ಝುಹರನ್ನು ಅದರ ಕೊನೆಯ ವೇಳೆಗೂ ಅಸರನ್ನು ಅದರ ಮೊದಲ ವೇಳೆಗೂ ನಿರ್ವಹಿಸಿ ಅನುಕೂಲ ಪಡೆಯಬಹುದು. ಒಂದೇ ಮನೆಯಲ್ಲಿ ಎರಡೂ ಮಝ್‌ಹಬ್‌ಗಳಿದ್ದರೆ ವಾದ ಬೇಡ. ಇಬ್ನ್ ರುಶ್ದ್‌ರ ಊರಿನಲ್ಲಿದ್ದೀರೆಂಬುದನ್ನು ನೆನಪಿಸಿಕೊಳ್ಳಿರಿ.

ಊಟದಲ್ಲಿಯೂ ಎಚ್ಚರ ಅಗತ್ಯ. ಟೊಮೆಟೊ, ರೊಟ್ಟಿ, ಆಲಿವ್ ಎಣ್ಣೆಗಳಿಂದ ಮಾಡುವ ತಣ್ಣನೆಯ 'ಸಾಲ್ಮೊರೆಹೋ' ಆ ಊರಿನ ವಿಶೇಷ. ಆದರೆ ಅದರ ಮೇಲೆ ಹಂದಿಮಾಂಸದ ತುಣುಕುಗಳನ್ನು ಉದುರಿಸುವುದು ವಾಡಿಕೆ. 'ಸಿನ್ ಹಾಮೋನ್', ಅಂದರೆ ಹಂದಿಮಾಂಸ ಬೇಡ, ಎಂದು ಮೊದಲೇ ಹೇಳಬೇಕು. ಗೂಳಿಯ ಬಾಲದ ಪ್ರಸಿದ್ಧ ಪದಾರ್ಥವನ್ನು ಸಾಮಾನ್ಯವಾಗಿ ವೈನಿನಲ್ಲಿ ಬೇಯಿಸುತ್ತಾರೆ. ಮೀನು, ತರಕಾರಿ, ಹಣ್ಣುಗಳಿಗೆ ಕೊರತೆಯಿಲ್ಲ. ಹಳೆಯ ಪೇಟೆಯಲ್ಲಿ ಹಲಾಲ್ ಹೋಟೆಲುಗಳೂ ದೊರೆಯುತ್ತವೆ.

ಅಲ್ಲಿನ ಭಾಷೆಯನ್ನೂ ಸ್ವಲ್ಪ ಆಲಿಸಿರಿ. ನಗರದ ನದಿ ಗ್ವಾದಲ್‌ಕಿವಿರ್ ಎಂದರೆ 'ಅಲ್ ವಾದಿಲ್ ಕಬೀರ್', ದೊಡ್ಡ ಹೊಳೆ. ಎಣ್ಣೆಗೆ ಅವರು ಹೇಳುವ 'ಅಸೆಯ್ತೆ' ಅರಬಿಯ 'ಅಝ್ಝೈತ್'. ಸಕ್ಕರೆಗೆ 'ಅಸೂಕರ್'. ಸಂಸ್ಕೃತದ ಶರ್ಕರ ಪಾರಸಿಯಲ್ಲಿ ಶಕರ್ ಆಗಿ, ಅರಬಿಯಲ್ಲಿ ಸುಕ್ಕರ್ ಆಗಿ ಸ್ಪೇನನ್ನು ಸೇರಿತು; ಅದೇ ಶರ್ಕರ ನಮ್ಮ ಮನೆಗಳಲ್ಲಿ ಸಕ್ಕರೆಯಾಯಿತು. ಹೀಗಾಗಬಾರದೇ ಎಂದು ಹಾರೈಸುವಾಗ ಸ್ಪೇನಿನವರು ಬಳಸುವ 'ಓಹಲಾ' ಎಂಬ ಪದದಲ್ಲಿ ಅಲ್ಲಾಹನ ನಾಮವೇ ಅಡಗಿದೆ. ಅರಸೊತ್ತಿಗೆ ಹೋದರೂ ಪದಗಳು ಉಳಿದವು. ಅಧಿಕಾರಕ್ಕಿಂತ ಭಾಷೆಗೂ ಜ್ಞಾನಕ್ಕೂ ಆಯುಷ್ಯ ಹೆಚ್ಚು.

ಭಾನುವಾರ: ಅವಶೇಷಗಳ ಪಾಠ

ಭಾನುವಾರ ಬೆಳಿಗ್ಗೆ ನಗರದಿಂದ ಸುಮಾರು ಎಂಟು ಕಿಲೋಮೀಟರ್ ಪಶ್ಚಿಮಕ್ಕಿರುವ ಮದೀನತುಝ್ಝಹ್ರಾಕ್ಕೆ ಹೋಗಿರಿ. ನಗರದಿಂದ ಪ್ರವಾಸಿಗರಿಗಾಗಿಯೇ ಬಸ್ಸು ಹೊರಡುತ್ತದೆ. 929ರಲ್ಲಿ ತನ್ನನ್ನು ಖಲೀಫನೆಂದು ಘೋಷಿಸಿಕೊಂಡ ಮೂರನೆಯ ಅಬ್ದುರ್ರಹ್ಮಾನ್ 936ರ ಸುಮಾರಿಗೆ ಬೆಟ್ಟದ ಇಳಿಜಾರಿನಲ್ಲಿ ಕಟ್ಟಲಾರಂಭಿಸಿದ ಅರಮನೆ ನಗರವಿದು. ನೂರು ವರ್ಷವೂ ಬಾಳಲಿಲ್ಲ. 1010ರ ಸುಮಾರಿಗೆ ಸೂರೆಯಾಯಿತು. ಸೂರೆ ಮಾಡಿದವರು ಯಾರು? ಕ್ರೈಸ್ತ ದೊರೆಗಳಲ್ಲ. ಅಧಿಕಾರಕ್ಕಾಗಿ ಪರಸ್ಪರ ಕಾದಾಡಿದ ಮುಸ್ಲಿಮ್ ಪಂಗಡಗಳು. 1031ರಲ್ಲಿ ಖಿಲಾಫತ್ತೇ ಕೊನೆಗೊಂಡಿತು. ಫರ್ನಾಂಡೋ ದೊರೆಯ ಸೈನ್ಯ ಕುರ್ತುಬಾವನ್ನು ಪ್ರವೇಶಿಸಿದ್ದು ಇದಾಗಿ ಇನ್ನೂರು ವರ್ಷಗಳ ಬಳಿಕ.

ಪುಸ್ತಕಗಳ ಕಥೆಯೂ ಹೀಗೆಯೇ. ಎರಡನೆಯ ಅಲ್ ಹಕಮ್‌ನ ಗ್ರಂಥಾಲಯದಲ್ಲಿ ನಾಲ್ಕು ಲಕ್ಷ ಸಂಪುಟಗಳಿದ್ದವೆಂದೂ ಅದರ ಸೂಚಿಯೇ 44 ಸಂಪುಟಗಳಷ್ಟಿತ್ತೆಂದೂ ಇತಿಹಾಸಕಾರರು ಹೇಳುತ್ತಾರೆ. ಆತನ ಆಸ್ಥಾನದಲ್ಲಿ ಲುಬ್ನಾ ಎಂಬ ವಿದುಷಿ ಲಿಪಿಕಾರ್ತಿಯಾಗಿದ್ದರು. ಹೆಣ್ಣುಮಕ್ಕಳ ಓದನ್ನು ಹತ್ತನೆಯ ತರಗತಿಗೇ ನಿಲ್ಲಿಸುವ ಮನೆಗಳು ಈ ಹೆಸರನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಬೇಕು. ಅಲ್ ಹಕಮ್‌ನ ಬಳಿಕ ಅಧಿಕಾರ ಹಿಡಿದ ಅಲ್ ಮನ್ಸೂರ್, ತತ್ವಶಾಸ್ತ್ರದ ಗ್ರಂಥಗಳನ್ನು ಆರಿಸಿ ಸುಡಿಸಿದನು. ಎರಡು ಶತಮಾನಗಳ ತರುವಾಯ ಇಬ್ನ್ ರುಶ್ದ್‌ರನ್ನು ಗಡಿಪಾರು ಮಾಡಿ ಅವರ ಗ್ರಂಥಗಳಿಗೂ ಬೆಂಕಿಯಿಟ್ಟರು. ಅವರ ಮೃತದೇಹವನ್ನು ಮರ್ರಾಕಿಶ್‌ನಿಂದ ಕುರ್ತುಬಾಕ್ಕೆ ಸಾಗಿಸುವಾಗ ಹೇಸರಗತ್ತೆಯ ಒಂದು ಬದಿಗೆ ಶವಪೆಟ್ಟಿಗೆ, ಮತ್ತೊಂದು ಬದಿಗೆ ತೂಕ ಸರಿದೂಗಿಸಲು ಅವರ ಗ್ರಂಥಗಳು ಇದ್ದವೆಂದು ಇಬ್ನ್ ಅರಬಿ ದಾಖಲಿಸಿದ್ದಾರೆ.

ಇನ್ನೊಂದು ಘಟನೆಯನ್ನು ಪ್ರತಿಯೊಂದು ಮನೆಯಲ್ಲಿಯೂ ಹೇಳಬೇಕು. 997ರಲ್ಲಿ ಅಲ್ ಮನ್ಸೂರ್ ಉತ್ತರದ ಸಾಂತಿಯಾಗೊ ನಗರವನ್ನು ಸೂರೆ ಮಾಡಿ, ಅಲ್ಲಿನ ಚರ್ಚಿನ ಗಂಟೆಗಳನ್ನು ಕ್ರೈಸ್ತ ಕೈದಿಗಳ ಹೆಗಲ ಮೇಲೆ ಹೊರಿಸಿ ಕುರ್ತುಬಾಕ್ಕೆ ತಂದನು. ಅವು ಮಸೀದಿಯ ದೀಪಗಳಾದವು. 1236ರಲ್ಲಿ ನಗರ ಗೆದ್ದ ಫರ್ನಾಂಡೋ ಅವೇ ಗಂಟೆಗಳನ್ನು ಮುಸ್ಲಿಮ್ ಕೈದಿಗಳ ಹೆಗಲ ಮೇಲೆ ಹೊರಿಸಿ ಹಿಂದಕ್ಕೆ ಕಳುಹಿಸಿದನೆಂದು ಚರಿತ್ರೆಗಳು ಹೇಳುತ್ತವೆ. ಗೆಲುವು ಸೋಲುಗಳ ದಿನಗಳು ಜನರ ನಡುವೆ ಸರದಿಯಂತೆ ತಿರುಗುತ್ತವೆ ಎಂಬ ಕುರ್‌ಆನಿನ ಬೋಧನೆಗೆ ಇದಕ್ಕಿಂತ ಕಣ್ಣಿಗೆ ಕಟ್ಟುವ ಉದಾಹರಣೆ ಬೇಕೇ? ಇನ್ನೊಬ್ಬರನ್ನು ಅವಮಾನಿಸಿ ತಂದ ಗಂಟೆ ಒಂದು ದಿನ ನಮ್ಮ ಮಕ್ಕಳ ಹೆಗಲೇರಿಯೇ ಹಿಂದಿರುಗುತ್ತದೆ.

ಆದುದರಿಂದ ಅಂದಲುಸ್‌ನ ಹೆಸರಿನಲ್ಲಿ ಎದೆ ತಟ್ಟಿಕೊಳ್ಳುವ ಭಾಷಣಗಳನ್ನೂ ಕಣ್ಣೀರಿಡುವ ಭಾಷಣಗಳನ್ನೂ ನಾವು ಒಪ್ಪುವುದಿಲ್ಲ. ಮೊದಲನೆಯದು ಪೂರ್ವಿಕರ ದುಡಿಮೆಯ ಮೇಲೆ ನಮ್ಮ ಸೋಮಾರಿತನವನ್ನು ಹೊದಿಸುತ್ತದೆ. ಎರಡನೆಯದು ನಮ್ಮ ತಪ್ಪುಗಳನ್ನೆಲ್ಲ ಶತ್ರುವಿನ ತಲೆಗೆ ಕಟ್ಟಿ ಕೈತೊಳೆದುಕೊಳ್ಳುತ್ತದೆ. ಕುರ್ತುಬಾ ದೊಡ್ಡದಾದದ್ದು ಕಲಿಯುವ ಹಸಿವಿನಿಂದ, ಅನ್ಯರಿಂದಲೂ ಕಲಿಯುವ ವಿನಯದಿಂದ. ಅದು ಸಣ್ಣದಾದದ್ದು ಒಳಜಗಳದಿಂದ, ಪುಸ್ತಕಕ್ಕೆ ಬೆಂಕಿಯಿಡುವ ಅಹಂಕಾರದಿಂದ.

ಹೋಗಲಾಗದವರಿಗೆ

ಇಷ್ಟು ಓದಿದ ಮೇಲೆ ಊರಿನಲ್ಲಿರುವ ಕುಟುಂಬಗಳು, ನಮಗೆಲ್ಲಿಯ ಸ್ಪೇನ್ ಎಂದು ನಿಟ್ಟುಸಿರು ಬಿಡಬೇಕಾಗಿಲ್ಲ. ಗ್ರಾನಡಾ ಪತನಕ್ಕೆ ಇಪ್ಪತ್ತು ವರ್ಷ ಮೊದಲು, 1472ರಲ್ಲಿ, ನಮ್ಮ ಬೀದರಿನಲ್ಲಿ ಮಹಮೂದ್ ಗವಾನ್ ಮದ್ರಸವನ್ನು ಕಟ್ಟಿದರು. ಅಲ್ಲಿಯೂ ದೊಡ್ಡ ಗ್ರಂಥಾಲಯವಿತ್ತು. ಅಲ್ಲಿಯೂ ಆಸ್ಥಾನದ ಗುಂಪುಗಾರಿಕೆ ಆ ವಿದ್ವಾಂಸ ಮಂತ್ರಿಯನ್ನು 1481ರಲ್ಲಿ ಬಲಿ ತೆಗೆದುಕೊಂಡಿತು. ಅದೇ ಪಾಠ, ಬಸ್ಸಿನ ಟಿಕೆಟಿನಲ್ಲಿ. ಕುರ್ತುಬಾಕ್ಕೆ ಹೋಗುವವರು ಕೂಡ ಮುಂದಿನ ರಜೆಯಲ್ಲಿ ಮಕ್ಕಳನ್ನು ಬೀದರಿಗೆ ಕರೆದೊಯ್ಯಲಿ.

ಕುರ್ತುಬಾದಿಂದ ಸೋಮವಾರ ಕೆಲಸಕ್ಕೆ ಮರಳುವಾಗ ಚೀಲದಲ್ಲಿ ಆಯಸ್ಕಾಂತದ ಗೊಂಬೆಗಳಿರುವುದಕ್ಕಿಂತ ಮನೆಯಲ್ಲಿ ಒಂದು ಪುಸ್ತಕದ ಕಪಾಟು ಹೆಚ್ಚುವುದು ಮುಖ್ಯ. ಮಹಲ್ಲಾದಲ್ಲಿ ಮುರಿದ ಒಂದು ಸಂಬಂಧ ಕೂಡುವುದು, ಓದು ನಿಲ್ಲಿಸಿದ ಒಬ್ಬ ಹೆಣ್ಣುಮಗಳು ಮತ್ತೆ ಕಾಲೇಜು ಸೇರುವುದು ಇನ್ನೂ ಮುಖ್ಯ. ಅದಾದರೆ ಆ ಎರಡು ದಿನಗಳ ಖರ್ಚು ದುಂದುವೆಚ್ಚವಾಗದು.

ನೋಡುವ ಕಣ್ಣುಗಳೊಂದಿಗೆ ಅರಿಯುವ ಹೃದಯಗಳನ್ನೂ ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ದಯಪಾಲಿಸಲಿ. ಆಮೀನ್.